ಅತ್ತೆಗೆ ರಾತ್ರಿಯೇ ಹಗಲು: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಅತ್ತೆಗೆ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ. ಹಗಲೆಲ್ಲ ಸೋಫಾದಲ್ಲಿ ತೂಕಡಿಸುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಶುರು. ನಡುರಾತ್ರಿ ಎದ್ದು ಸೀರೆಗಳನ್ನು ಗಂಟು ಕಟ್ಟಿಕೊಂಡು ‘ನಮ್ಮನೆಗೆ ಹೋಗ್ತೀನಿ’ ಎಂದು ಬಾಗಿಲು ಬಡಿಯುತ್ತಾರೆ. ನಿದ್ದೆ ಮಾತ್ರೆ ಕೊಟ್ಟರೆ ಬೆಳಿಗ್ಗೆ ಕಾಲೇ ನಿಲ್ಲುವುದಿಲ್ಲ. ಮಾತ್ರೆಯಿಲ್ಲದೆ ದಾರಿ ಇದೆಯೇ? – ಓದುಗರು, ಮೈಸೂರು

ನಿಮ್ಮ ಅತ್ತೆಯ ರಾತ್ರಿ ಸರಿಹೋಗಬೇಕಾದರೆ ಕೆಲಸ ಹಗಲಲ್ಲೇ ಶುರುವಾಗಬೇಕು. ಅವರು ಹಟ ಮಾಡುತ್ತಿಲ್ಲ. ಹಗಲು–ರಾತ್ರಿಯ ಲೆಕ್ಕವಿಡುವ ಗಡಿಯಾರ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿದೆ. ಈ ಕಾಯಿಲೆಯಲ್ಲಿ ಅಲ್ಲಿಯ ನರಕೋಶಗಳೂ ಸವೆಯುತ್ತವೆ. ಆದ್ದರಿಂದ ‘ಇದು ಹಗಲು’ ಎಂದು ಹೊರಗಿನಿಂದ ಜೋರಾಗಿಯೇ ತಿಳಿಸಬೇಕಾಗುತ್ತದೆ. ಪರದೆ ಎಳೆದ ಹಾಲ್‌ನಲ್ಲಿ ಟಿವಿ ಮುಂದೆ ಕೂತವರಿಗೆ ಅದು ತಿಳಿಯುವುದಾದರೂ ಹೇಗೆ?

ಮಾತ್ರೆ ಬಿಟ್ಟು ಉಳಿದ ದಾರಿಗಳನ್ನು ಪರೀಕ್ಷಿಸಿದ 19 ಪ್ರಯೋಗಗಳನ್ನು, ಅಂದರೆ 1,335 ರೋಗಿಗಳ ಮಾಹಿತಿಯನ್ನು, ಚಿಕಿತ್ಸೆಗಳ ಅಧ್ಯಯನಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ ತಂಡ 2023ರಲ್ಲಿ ಒಟ್ಟುಗೂಡಿಸಿ ನೋಡಿತು. ಮೈ ದಂಡಿಸುವ ಚಟುವಟಿಕೆ, ಜನರೊಡನೆ ಬೆರೆಯುವುದು, ಆರೈಕೆ ಮಾಡುವವರಿಗೆ ತರಬೇತಿ – ಇವುಗಳಿಂದ ನಿದ್ದೆ ಸ್ವಲ್ಪ ಸುಧಾರಿಸಬಹುದು ಎಂದು ಕಂಡಿತು. ಪುರಾವೆ ಇನ್ನೂ ಗಟ್ಟಿಯಾಗಿಲ್ಲ, ಆದರೆ ನಿದ್ದೆ ಮಾತ್ರೆಯಂತೆ ಇವುಗಳಿಂದ ಮಂಪರು ಬಂದು ಬೀಳುವ ಭಯವಿಲ್ಲ. ಪ್ರಖರ ದೀಪದ ಚಿಕಿತ್ಸೆಯಿಂದ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ ದುಬಾರಿ ದೀಪಕ್ಕೆ ಹಣ ಸುರಿಯಬೇಡಿ. ಬೆಳಗಿನ ತಿಂಡಿ ಆದಮೇಲೆ ಕೈಹಿಡಿದು ಅರ್ಧ ಗಂಟೆ ಹೊರಗೆ ನಡೆಸಿ. ನಡೆಯಲಾಗದಿದ್ದರೆ ಜಗಲಿಯ ಬಿಸಿಲಿನಲ್ಲಿ ಕೂರಿಸಿ. ಊಟದ ನಂತರದ ನಿದ್ದೆಯನ್ನು ಪೂರ್ತಿ ತಪ್ಪಿಸಿದರೆ ಸಂಜೆ ಸಿಡುಕು ಹೆಚ್ಚುತ್ತದೆ. ಅರ್ಧ ಗಂಟೆ ಮಲಗಲಿ, ಮೂರು ಗಂಟೆಯೊಳಗೆ ಎಬ್ಬಿಸಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ರಾಗಿ ಮಾಲ್ಟ್ ಕೊಡಿ. ಏಳುವ, ಮಲಗುವ ಹೊತ್ತು ಭಾನುವಾರವೂ ಬದಲಾಗಬಾರದು.

ಒಂದು ಎಚ್ಚರಿಕೆ: ಈಗಿನ ನಿದ್ದೆ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿಯೇ ಇಳಿಸಬೇಕು.
– ನಿವೃತ್ತ ಶುಶ್ರೂಷಕಿ, ಹಾಸನ

ರಾತ್ರಿ ಏಳಲು ಬೇರೇನೋ ಕಾರಣವಿದೆಯೇ ಎಂದು ನೋಡಿದ್ದೀರಾ? ಮಂಡಿ ನೋವು, ಮಲಬದ್ಧತೆ, ಉರಿಮೂತ್ರ – ಇವನ್ನು ಅವರು ಬಾಯಿಬಿಟ್ಟು ಹೇಳಲಾರರು, ಎದ್ದು ಓಡಾಡುತ್ತಾರೆ ಅಷ್ಟೆ. ಚಡಪಡಿಕೆ ಒಂದೆರಡು ದಿನದಲ್ಲಿ ಏಕಾಏಕಿ ಹೆಚ್ಚಿದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಮೂತ್ರ ಹೋಗಿಸುವ ಬಿಪಿ ಮಾತ್ರೆ ಸಂಜೆ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಕೂಡ ಕೆಲವರ ನಿದ್ದೆ ಕೆಡಿಸುತ್ತದೆ. ಅದರ ಹೊತ್ತನ್ನೂ ವಿಚಾರಿಸಿ. ‘ಮಂಪರು ಬರಲಿ’ ಎಂದು ನೆಗಡಿಯ ಸಿರಪ್ ಕೊಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಅಂಥ ಹಲವು ಔಷಧಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ.
– ಔಷಧಿ ಅಂಗಡಿಯವರು, ದಾವಣಗೆರೆ

ನಮ್ಮಮ್ಮನೂ ಹೀಗೇ ಗಂಟು ಕಟ್ಟುತ್ತಿದ್ದರು. ‘ಇದೇ ನಿಮ್ಮ ಮನೆ’ ಎಂದು ವಾದಿಸಿದಷ್ಟೂ ಅವರಿಗೆ ಹೆದರಿಕೆ ಹೆಚ್ಚುತ್ತದೆ. ‘ಹೋಗೋಣಮ್ಮ, ಮೊದಲು ಬಿಸಿ ಹಾಲು ಕುಡಿಯೋಣ’ ಎನ್ನಿ. ತವರಿನ ಬಾವಿ, ಹಸು, ತಮ್ಮಂದಿರ ಬಗ್ಗೆ ಕೇಳಿ. ಮಾತಾಡುತ್ತಾ ಅವರೇ ಹಾಸಿಗೆಯ ಕಡೆ ಬರುತ್ತಾರೆ. ನಡುರಾತ್ರಿ ದೊಡ್ಡ ದೀಪ ಹಾಕಬೇಡಿ, ಟಿವಿಯಂತೂ ಬೇಡವೇ ಬೇಡ.

ಹಗಲಲ್ಲಿ ಕೈಗೆ ಕೆಲಸ ಕೊಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಅವರ ಕೈಗೆ ಗೊತ್ತಿರುವ ಕೆಲಸವಾಗಿರಬೇಕು. ನಮ್ಮಮ್ಮನಿಗೆ ಬಣ್ಣ ತುಂಬುವ ಪುಸ್ತಕ ತಂದುಕೊಟ್ಟರೆ ಮುಖ ತಿರುಗಿಸಿದರು. ಅರಳೆ ಮುಂದಿಟ್ಟರೆ ಹೂಬತ್ತಿ ಹೊಸೆಯುತ್ತಾ ಕೂತರು. ಮಕ್ಕಳ ಹೆಸರು ಮರೆತಿದ್ದರೂ ಬತ್ತಿಯ ತುದಿ ತಿರುವುವುದನ್ನು ಬೆರಳು ಮರೆತಿರಲಿಲ್ಲ. ಅವರೆಕಾಯಿ ಸುಲಿಯುವುದು, ಮಲ್ಲಿಗೆ ಕಟ್ಟುವುದು, ಒಗೆದ ಬಟ್ಟೆ ಮಡಿಸುವುದು ಎಲ್ಲವೂ ಆಗುತ್ತದೆ. ತಪ್ಪಾಗಿ ಮಡಿಸಿದರೆ ಅವರೆದುರು ತಿದ್ದಬೇಡಿ. ಸಂಜೆ ಕತ್ತಲಾಗುವ ಮೊದಲೇ ಮನೆಯ ದೀಪ ಹಾಕಿಬಿಡಿ, ಗೋಡೆಯ ನೆರಳುಗಳು ಅವರಿಗೆ ಮನುಷ್ಯರಂತೆ ಕಾಣುತ್ತವೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ರಾತ್ರಿಯಿಡೀ ಉರಿಯಲಿ.
– ಗೃಹಿಣಿ, ಶಿರಸಿ

ಉಳಿದವರು ಅತ್ತೆಯ ನಿದ್ದೆಯ ಬಗ್ಗೆ ಬರೆದಿರುತ್ತಾರೆ. ನಿಮ್ಮ ನಿದ್ದೆ? ಪತ್ರದಲ್ಲಿ ಗಂಡ, ನಾದಿನಿ, ಮೈದುನ ಯಾರ ಸುದ್ದಿಯೂ ಇಲ್ಲ. ಮೇಲಿನ ಸಲಹೆಗಳನ್ನೆಲ್ಲ ನಿದ್ದೆಗೆಟ್ಟ ಒಬ್ಬಳೇ ಹೆಂಗಸು ಪಾಲಿಸಬೇಕೆಂದರೆ ಅನ್ಯಾಯ. ವಾರದ ರಾತ್ರಿಗಳನ್ನು ಹಂಚಿ, ಕ್ಯಾಲೆಂಡರ್‌ನಲ್ಲಿ ಹೆಸರು ಬರೆದುಬಿಡಿ. ನಿಮ್ಮ ಸರದಿಯಲ್ಲದ ರಾತ್ರಿ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ಅತ್ತೆಯನ್ನು ಒಬ್ಬರನ್ನೇ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಬೇಡಿ, ಮುಂಬಾಗಿಲಿಗೆ ಗಂಟೆ ಕಟ್ಟಿ. ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ವೈದ್ಯರ ಹತ್ತಿರ ಅತ್ತೆಯನ್ನು ಕರೆದೊಯ್ದಾಗ ಗಂಡನನ್ನೂ ಜೊತೆಗೆ ಕೂರಿಸಿಕೊಂಡು, ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ ಎಂಬುದನ್ನೂ ಹೇಳಿ.
– ಬ್ಯಾಂಕ್ ಉದ್ಯೋಗಿ, ಮುಂಬೈ