ಮುಂಗುಸಿ ಹಿಡಿದ ಹೇಂಟೆಗೆ ಬೆನ್ನಲ್ಲಿ ದೊಡ್ಡ ಗಾಯ, ಮನೇಲೇ ಹೇಗೆ ನೋಡ್ಕೊಳ್ಳೋದು? ಅರ್ಜೆಂಟ್

ತೋಟದಮನೆ_ತೀರ್ಥಹಳ್ಳಿ:
ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಪೇಟೆಯಿಂದ ಸುಮಾರು ಒಳಗೆ ನಮ್ಮನೆ. ಇವತ್ತು ಮಧ್ಯಾಹ್ನ ತೋಟದ ಅಂಚಲ್ಲಿ ಮುಂಗುಸಿ ಬಂದು ನಮ್ಮ ನಾಟಿ ಹೇಂಟೆನ ಹಿಡ್ಕೊಂಡಿತ್ತು, ಅಪ್ಪಯ್ಯ ಕೂಗಾಡಿ ಕೋಲು ತಗೊಂಡು ಓಡಿದ್ದಕ್ಕೆ ಬಿಟ್ಟು ಹೋಯ್ತು. ಬಾಲದ ಬುಡದಿಂದ ರೆಕ್ಕೆ ನಡುವಿನ ತನಕ ಪುಕ್ಕ ಎಲ್ಲ ಕಿತ್ತು ಬಂದಿದೆ, ಚರ್ಮ ಹರ್ದು ಒಳಗಿನ ಕೆಂಪು ಮಾಂಸ ಕಾಣ್ತಿದೆ, ಹೆಚ್ಚುಕಮ್ಮಿ ಅಂಗೈ ಅಗಲ. ರಕ್ತ ನಿಂತಿದೆ. ಆದ್ರೆ ಕಣ್ಣು ಮುಚ್ಕೊಂಡು ಮೈ ಉಬ್ಬಿಸ್ಕೊಂಡು ಕೂತಿದೆ, ಅಕ್ಕಿ ಹಾಕಿದ್ರೂ ಮುಟ್ತಿಲ್ಲ.
ಅಜ್ಜಿ ಅರಿಶಿನ ಸುಣ್ಣ ಮೆತ್ತು ಅಂತಾರೆ, ಪಕ್ಕದ ಮನೆಯವರು ಕಾಫಿಪುಡಿ ಒತ್ತಿ ಅಂದ್ರು, ಇನ್ನೊಬ್ರು ಇದು ಉಳಿಯಲ್ಲ ಕೊಯ್ದುಬಿಡಿ ಅಂದ್ರು. ಅದಕ್ಕೆ ಹೂಮರಿಗಳಿದಾವೆ, ಮೊನ್ನೆ ಮೊನ್ನೆ ಒಡೆದವು, ಕೊಯ್ಯೋಕೆ ನಂಗೆ ಮನಸ್ಸೇ ಇಲ್ಲ. ಮಳೆ ಹಿಡ್ಕೊಂಡಿದೆ, ಕರೆಂಟಿಲ್ಲ, ನಾಳೆ ಬೆಳಿಗ್ಗೆ ತನಕ ಡಾಕ್ಟ್ರ ಹತ್ರ ಹೋಗೋಕಾಗಲ್ಲ. ಮನೇಲಿ ಬೆಟಾಡಿನ್, ದನಕ್ಕೆ ತಂದಿದ್ದ ಗಾಯದ ಸ್ಪ್ರೇ, ಅಪ್ಪಯ್ಯನ ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆ ಇದೆ. ನೋವಿಗೆ ಅರ್ಧ ಮಾತ್ರೆ ಪುಡಿ ಮಾಡಿ ಕೊಡಬಹುದಾ? ರಾತ್ರಿಗೆ ಎಂತ ಮಾಡ್ಲಿ ಹೇಳಿ ದಯವಿಟ್ಟು.

ಹೊಸನಗರದ_ಕೃಷಿಕ:
ಮಾತ್ರೆ ಮಾತ್ರ ಖಂಡಿತ ಕೊಡ್ಬೇಡಿ ಮಾರಾಯ್ರೆ. ಡೈಕ್ಲೋಫೆನಾಕ್ ಹಕ್ಕಿಗಳ ಕಿಡ್ನಿ ಹಾಳು ಮಾಡ್ತದೆ. ನಮ್ಮ ದೇಶದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸತ್ತಿದ್ದು ಈ ಔಷಧಿ ಕೊಟ್ಟ ದನಗಳ ಹೆಣ ತಿಂದೇ, ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಇದನ್ನ ಬ್ಯಾನ್ ಮಾಡಿದ್ದು. ಕೋಳಿಗೂ ಇದು ವಿಷವೇ, ಒಂದೂವರೆ ಕೇಜಿ ಹೇಂಟೆಗೆ ಮನುಷ್ಯರ ಅರ್ಧ ಮಾತ್ರೆ ಅಂದ್ರೆ ಜೀವಕ್ಕೇ ಕುತ್ತು. ನೋವಿನ ಜೆಲ್ ಸಹ ಹಚ್ಬೇಡಿ.
ಗಾಯ ನೋಡಿ ಹೆದ್ರಬೇಡಿ, ಕೋಳಿ ಚರ್ಮ ತೆಳ್ಳಗೆ, ಕಾಗದ ಹರಿದ ಹಾಗೆ ಹರೀತದೆ, ಆದ್ರೆ ಅಷ್ಟೇ ಚೆನ್ನಾಗಿ ಕೂಡ್ಕೊಳ್ತದೆ. ಮೊದಲ ರಾತ್ರಿ ಕೋಳಿ ಸಾಯೋದು ಎಷ್ಟೋ ಸಲ ಗಾಯದಿಂದ ಅಲ್ಲ, ಹೆದ್ರಿಕೆ ಮತ್ತೆ ಚಳಿಯಿಂದ. ಅದರ ಮೈಬಿಸಿ ನಮಗಿಂತ ಜಾಸ್ತಿ, 41 ಡಿಗ್ರಿ ಸೆಲ್ಸಿಯಸ್ ಮೇಲೆ, ಪುಕ್ಕ ಹೋದ ಜಾಗದಿಂದ ಆ ಬಿಸಿ ಎಲ್ಲ ಸೋರಿ ಹೋಗ್ತದೆ, ಈ ಮಳೆಗಾಲದ ಥಂಡಿಲಂತೂ ಕೇಳೋದೇ ಬೇಡ. ಅದಕ್ಕೆ ಈಗಲೇ ಒಡ್ಡಿಯಿಂದ (ಕೋಳಿಗೂಡಿಂದ) ಬೇರೆ ಮಾಡಿ, ಒಂದು ದೊಡ್ಡ ಬುಟ್ಟಿ ಇಲ್ಲಾ ರಟ್ಟಿನ ಪೆಟ್ಟಿಗೆ ತಗೊಂಡು ಅಡಿಗೆ ಹಳೆ ಪಂಚೆ ಹಾಸಿ. ಭತ್ತದ ಹೊಟ್ಟು, ತರಗೆಲೆ ಹಾಕ್ಬೇಡಿ, ಗಾಯಕ್ಕೆ ಮೆತ್ಕೊಳ್ತದೆ. ಕರೆಂಟಿಲ್ಲದಿದ್ರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಒಂದು ಬದಿಗೆ ಇಡಿ, ಸೆಕೆ ಆದ್ರೆ ಅದು ಇನ್ನೊಂದು ಬದಿಗೆ ಸರಿಯೋ ಅಷ್ಟು ಜಾಗ ಇರ್ಲಿ. ಬಚ್ಚಲ ಒಲೆ ಹತ್ರ ಇಡೋರಿದಾರೆ, ಬೆಚ್ಚಗೇನೋ ಇರ್ತದೆ ಆದ್ರೆ ಹೊಗೆ ಕೋಳಿಗೆ ಬಹಳ ಕೆಟ್ಟದ್ದು, ಹೊಗೆ ಬರದ ಮೂಲೆ ನೋಡಿ. ಮೇಲಿಂದ ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಪದೇ ಪದೇ ತೆಗೆದು ನೋಡೋದು ಬೇಡ, ಮಕ್ಕಳನ್ನೂ ಬಿಡ್ಬೇಡಿ.

ಸಾಗರದಿಂದ_ಅಕ್ಕ:
ಮೇಲೆ ಹೇಳಿದ್ದು ಸರಿ ಇದೆ ತಂಗಿ, ಮೊದಲು ಬೆಚ್ಚಗೆ ಇಡು, ಒಂದು ಗಂಟೆ ಅದು ಸುಧಾರಿಸ್ಕೊಳ್ಳಲಿ, ಆಮೇಲೆ ತೊಳಿ. ಒಂದು ಲೀಟರ್ ನೀರು ಚೆನ್ನಾಗಿ ಕುದಿಸಿ ಅದಕ್ಕೆ 9 ಗ್ರಾಂ ಉಪ್ಪು, ಅಂದ್ರೆ ಸಣ್ಣ ಚಮಚದಲ್ಲಿ ಒಂದೂವರೆ, ಹಾಕಿ ಉಗುರು ಬೆಚ್ಚಗಾಗೋ ತನಕ ಬಿಡು. ಕೋಳಿನ ಟವೆಲಲ್ಲಿ ಸುತ್ತಿ ತಲೆ ಹೊರಗಿಟ್ಕೊ, ಎದೆ ಮೇಲೆ ಬಿಗಿ ಹಿಡೀಬೇಡ, ಎದೆ ಮೂಳೆ ಮೇಲೆ ಕೆಳಗೆ ಆಡಿದ್ರೇನೇ ಅದಕ್ಕೆ ಉಸಿರಾಡೋಕಾಗೋದು, ಗಟ್ಟಿ ಒತ್ತಿದ್ರೆ ಕೈಯಲ್ಲೇ ಉಸಿರು ಕಟ್ಟಿ ಹೋಗ್ತದೆ. ಸೂಜಿ ಇಲ್ಲದ ಸಿರಿಂಜಲ್ಲಿ ಉಪ್ಪುನೀರು ಚಿಮ್ಮಿಸಿ ಚಿಮ್ಮಿಸಿ ತೊಳಿ, ಹತ್ತಿಲಿ ತಿಕ್ಕಿದ್ರೆ ಎಳೆ ಅಂಟ್ಕೊಳ್ತದೆ. ಚರ್ಮ ಮಡಚಿ ಕೂತಿರ್ತದಲ್ಲ ಅದರಡಿನೇ ಮಣ್ಣು, ಮುರಿದ ಪುಕ್ಕ ಸೇರ್ಕೊಂಡಿರೋದು, ಮೆಲ್ಲಗೆ ಎತ್ತಿ ಅಲ್ಲೂ ತೊಳೀಬೇಕು. ಸುತ್ತಲಿನ ಪುಕ್ಕ ಕೀಳ್ಬೇಡ, ಕತ್ತರಿಲಿ ಕತ್ತರ್ಸು. ಬುಡದಲ್ಲಿ ನೀಲಿ ಬಣ್ಣ ಕಾಣೋ ಹೊಸ ಪುಕ್ಕಕ್ಕೆ ಕತ್ತರಿ ಹಾಕ್ಬೇಡ, ಅದರಲ್ಲಿ ರಕ್ತ ಇರ್ತದೆ.
ಬೆಟಾಡಿನ್ ನೇರ ಸುರೀಬೇಡ, ಉಪ್ಪುನೀರಿಗೆ ಬೆರೆಸಿ ತೆಳು ಕಂದು ಬಣ್ಣ ಬಂದ್ರೆ ಸಾಕು.
ಅಜ್ಜಿ ಹೇಳೋದನ್ನ ನಾನು ತಳ್ಳಿ ಹಾಕಲ್ಲ, ನಮ್ಮಲ್ಲೂ ಅರಿಶಿನ ಹಚ್ಚೇ ಎಷ್ಟೋ ಕೋಳಿ ಬದುಕಿದಾವೆ, ಆದ್ರೆ ತೊಳೆಯದೆ ಮೆತ್ತಿದ್ರೆ ಅದು ಒಣಗಿ ಹೊಪ್ಪಳೆ ಕಟ್ಟಿ ಅಡಿಗೆ ಏನಾಗ್ತಿದೆ ಅಂತಲೇ ಗೊತ್ತಾಗಲ್ಲ. ಸುಣ್ಣ ಅಂತೂ ಸುಡ್ತದೆ, ಕಾಫಿಪುಡಿ ಬರೀ ಕಸ, ಎರಡೂ ಬೇಡ. ಮಳೆಗಾಲದಲ್ಲಿ ನಂಗೆ ನಿಜವಾದ ಭಯ ಇರೋದು ನೊಣದ್ದು. ಹಸಿ ಗಾಯದ ಮೇಲೆ ನೊಣ ಕೂತು ಮೊಟ್ಟೆ ಇಟ್ರೆ ಒಂದೇ ದಿನದಲ್ಲಿ ಹುಳ ಆಗ್ತದೆ. ಸಣ್ಣ ಬಿಳಿ ಅಕ್ಕಿ ನುಚ್ಚಿನಂತದ್ದು ಪುಕ್ಕದ ಬುಡಕ್ಕೆ ಅಂಟಿದ್ದು ಕಂಡ್ರೆ ಅದೇ ಮೊಟ್ಟೆ, ಆಗಲೇ ತೆಗೀಬೇಕು. ಬುಟ್ಟಿ ಮೇಲೆ ಸೊಳ್ಳೆಪರದೆ ಹಾಕು, ಬೆಳಿಗ್ಗೆ ಸಂಜೆ ಬಾಲದಡಿ, ರೆಕ್ಕೆ ಅಡಿ ಬೆಳಕು ಹಿಡಿದು ನೋಡು, ಹುಳ ಇದ್ರೆ ಚಿಮುಟದಲ್ಲಿ ಒಂದೊಂದೇ ತೆಗೆದು ಮತ್ತೆ ತೊಳಿ. ಸೀಮೆಎಣ್ಣೆ, ಟರ್ಪೆಂಟೈನ್, ಕರ್ಪೂರದ ಎಣ್ಣೆ ಹಾಕೋರಿದಾರೆ, ದನದ ದಪ್ಪ ಚರ್ಮಕ್ಕೆ ನಡೆಯೋದು ಕೋಳಿಗೆ ನಡೆಯಲ್ಲ. ನಿಮ್ಮನೆ ಸ್ಪ್ರೇನೂ ಡಾಕ್ಟ್ರಿಗೆ ತೋರಿಸಿಯೇ ಹೊಡಿ.

ತೋಟದಮನೆ_ತೀರ್ಥಹಳ್ಳಿ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಮಾತ್ರೆ ಕೊಡ್ಲಿಲ್ಲ. ತೊಳೆದಾಯ್ತು, ಚರ್ಮದಡಿ ಅಡಿಕೆ ಸಿಪ್ಪೆ ನಾರು ಸಹ ಇತ್ತು, ಎಲ್ಲ ಬಂತು. ಬಾಟಲಿ ಇಟ್ಟ ಮೇಲೆ ಕಣ್ಣು ಬಿಡ್ತಿದೆ ಆದ್ರೆ ನೀರು ಕುಡೀತಿಲ್ಲ, ಕೊಕ್ಕು ಬಿಡಿಸಿ ಸಿರಿಂಜಲ್ಲಿ ಹಾಕ್ಲಾ? ಇನ್ನೊಂದು, ಇಷ್ಟು ದೊಡ್ಡ ಗಾಯಕ್ಕೆ ಹೊಲಿಗೆ ಬೇಡ್ವಾ? ಮುಂಗುಸಿ ಬಿಡಿಸುವಾಗ ಅಪ್ಪಯ್ಯನ ಕೈಗೂ ತರಚಿದೆ, ಅವರು ಏನಾಗಲ್ಲ ಬಿಡು ಅಂತಾರೆ. ಮರಿಗಳು ಒಂದೇ ಸಮ ಕೂಗ್ತಿದಾವೆ.

ವೆಟ್_ವಿದ್ಯಾರ್ಥಿ_ಶಿವಮೊಗ್ಗ:
ಮೊದಲು ಅಪ್ಪಯ್ಯನ ಕೈ, ಕೋಳಿ ಆಮೇಲೆ. ಹಕ್ಕಿಗಳಿಂದ ರೇಬಿಸ್ ಭಯ ಇಲ್ಲ, ಅದು ಸಸ್ತನಿಗಳ ಕಾಯಿಲೆ, ಆದ್ರೆ ಮುಂಗುಸಿಗೆ ರೇಬಿಸ್ ಬರುತ್ತೆ. ಉಗುರೋ ಹಲ್ಲೋ ತಾಗಿದ್ರೆ ಈಗಲೇ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀಲಿ, ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸ್ಲೇಬೇಕು, ಇದರಲ್ಲಿ ಏನಾಗಲ್ಲ ಬಿಡು ಅನ್ನೋ ಮಾತೇ ಬೇಡ. ನೀವೂ ಗ್ಲೌಸ್ ಹಾಕಿ ಕೋಳಿ ಮುಟ್ಟಿ.
ನೀರು ಗಂಟಲಿಗೆ ಸುರೀಬೇಡಿ. ಕೋಳಿಗೆ ಉಸಿರಿನ ದಾರಿ ನಾಲಿಗೆ ಬುಡದಲ್ಲೇ ಇದೆ, ಒಂದು ಸಿರಿಂಜ್ ನೀರು ಅದರೊಳಗೆ ಹೋದ್ರೆ ಮುಗೀತು. ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ, ಅದಾಗೇ ನುಂಗಲಿ. ಸ್ವಲ್ಪ ಬೆಲ್ಲ ಕರಗಿಸಿದ ಬೆಚ್ಚಗಿನ ನೀರು ಸಾಕು. ನಾಳೆ ಚೇತರಿಸ್ಕೊಂಡ್ರೆ ಮೆತ್ತಗಿನ ಗಂಜಿ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಿವುಚಿ ಹಾಕಿ, ಚರ್ಮ ಬೆಳೆಯೋಕೆ ಪ್ರೋಟೀನ್ ಬೇಕು.
ಹೊಲಿಗೆ ಅಂದ್ರೆ ಎಲ್ರೂ ಕೇಳ್ತಾರೆ. ಕಚ್ಚಿದ ಗಾಯದಲ್ಲಿ ಹಲ್ಲಿನ ತೂತು ಆಳಕ್ಕೆ ಹೋಗಿರುತ್ತೆ, ಮೇಲಿಂದ ಮುಚ್ಚಿಬಿಟ್ರೆ ಕೀವು ಒಳಗೇ ಉಳಿಯುತ್ತೆ, ಅದಕ್ಕೆ ಇಂಥ ಗಾಯ ತೆರೆದಿಟ್ಟು ಒಳಗಿಂದ ತುಂಬಿ ಬರೋಕೆ ಬಿಡೋದೇ ಹೆಚ್ಚು. ಮನೇಲಿ ಸೂಜಿ ದಾರ ಹಿಡೀಲೇಬೇಡಿ. ಆದ್ರೆ ಬಾಯಿಯ ಬ್ಯಾಕ್ಟೀರಿಯಾ ಒಳಗೆ ಹೋಗಿರೋದ್ರಿಂದ ಆಂಟಿಬಯಾಟಿಕ್ ಬೇಕಾಗಬಹುದು, ಅದನ್ನ ತೂಕ ನೋಡಿ ಡಾಕ್ಟ್ರೇ ಕೊಡ್ಬೇಕು, ಕೋಳಿಗೆ ತಕ್ಕ ನೋವಿನ ಔಷಧಿನೂ ಅವರೇ ಹೇಳ್ತಾರೆ. ಬೆಳಿಗ್ಗೆ 1962ಕ್ಕೆ ಕಾಲ್ ಮಾಡಿ, ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನಂಬರ್ ಅದು. ಶಿವಮೊಗ್ಗಕ್ಕೆ ಬರೋಕಾದ್ರೆ ವಿನೋಬನಗರದ ವೆಟರಿನರಿ ಕಾಲೇಜಿಗೂ ತರಬಹುದು. ಔಷಧಿ ಶುರುವಾದ ಮೇಲೆ ಎಷ್ಟು ದಿನ ಮೊಟ್ಟೆ ಬಳಸಬಾರದು ಅಂತ ಕೇಳ್ಕೊಳ್ಳಿ. ಕೊಯ್ಯಿ ಅಂದೋರಿಗೂ ಇದನ್ನ ಹೇಳಿ, ಔಷಧಿ ಹೋದ ಕೋಳಿ ಮಾಂಸ ಆ ಅವಧಿ ಮುಗಿಯೋ ತನಕ ತಿನ್ನೋ ಹಾಗಿಲ್ಲ.
ಎರಡು ಮೂರು ದಿನದಲ್ಲಿ ಗಾಯದ ಸುತ್ತ ಚರ್ಮ ಹಸಿರಾಗುತ್ತೆ, ಜನ ಕೊಳೀತು ಅಂತ ಗಾಬರಿ ಬೀಳ್ತಾರೆ. ನಮಗೆ ಪೆಟ್ಟಾದ ಜಾಗ ನೀಲಿಗಟ್ಟಿದ ಹಾಗೆ ಕೋಳಿಗೆ ಹಸಿರುಗಟ್ಟುತ್ತೆ, ಅದು ಸಹಜ. ಕೆಟ್ಟ ವಾಸನೆ ಬಂದ್ರೆ, ಊತ ಏರಿದ್ರೆ, ಬಾಯಿ ತೆರೆದು ಉಸಿರಾಡಿದ್ರೆ, ಕಾಲು ಊರೋಕಾಗದಿದ್ರೆ ಮಾತ್ರ ಕಾಯದೆ ಕರ್ಕೊಂಡು ಬನ್ನಿ. ಹೊಟ್ಟೆ ತೂತಾಗಿ ಕರುಳು ಕಾಣೋ ಹಾಗಿದ್ರೆ ಅದನ್ನ ನರಳಿಸದೆ ಡಾಕ್ಟ್ರ ಕೈಲಿ ಮುಕ್ತಿ ಕೊಡಿಸೋದೇ ದಯೆ, ಆದ್ರೆ ನೀವು ಹೇಳಿದ್ದು ನೋಡಿದ್ರೆ ಇದು ಅಂಥದ್ದಲ್ಲ, ಉಳಿಯೋ ಕೋಳಿ.

ಹೊಸನಗರದ_ಕೃಷಿಕ:
ಮರಿ ವಿಷಯ ಯಾರೂ ಹೇಳ್ಲಿಲ್ಲ. ಮೊದಲ ವಾರ ಹೂಮರಿಗೆ ಹೆಚ್ಚುಕಮ್ಮಿ 35 ಡಿಗ್ರಿ ಕಾವು ಬೇಕು, ತಾಯಿ ರೆಕ್ಕೆ ಇಲ್ಲದಿದ್ರೆ ಈ ಚಳಿಗೆ ತಡೆಯಲ್ಲ. ಬೇರೆ ಸಣ್ಣ ಪೆಟ್ಟಿಗೆಲಿ ಬಿಸಿನೀರ ಬಾಟಲಿ ಇಟ್ಟು ಹಳೆ ಉಣ್ಣೆ ಬಟ್ಟೆ ಇಳಿಬಿಟ್ಟು, ಹೇಂಟೆ ಬುಟ್ಟಿಗೆ ತಾಗಿಸಿಡಿ, ಒಬ್ಬರ ದನಿ ಒಬ್ಬರಿಗೆ ಕೇಳಲಿ, ತಾಯಿನೂ ಸಮಾಧಾನ ಆಗ್ತದೆ. ಬಾಟಲಿ ಆರಿದ ಹಾಗೆ ರಾತ್ರಿ ಎದ್ದು ಬದಲಾಯಿಸ್ಬೇಕು, ಅದೊಂದು ಕಷ್ಟ ಇದೆ. ಈಗಲೇ ಜೊತೆಗೆ ಬಿಟ್ರೆ ಕೆಂಪು ಕಂಡು ಮರಿಗಳೇ ಗಾಯ ಕುಕ್ತಾವೆ. ಮೇಲೆ ಒಣಗಿದ ಪೊರೆ ಬಂದ ಮೇಲೆ ನೀವು ಎದುರು ಕೂತು ಸ್ವಲ್ಪ ಹೊತ್ತು ಬಿಟ್ಟು ನೋಡಿ, ಕುಕ್ಕದಿದ್ರೆ ಸೇರಿಸಿ.
ದೊಡ್ಡ ಕೋಳಿಗಳ ಜೊತೆ ಅವಸರ ಬೇಡ. ಮುಖ್ಯವಾಗಿ ಹುಂಜ. ಮೆಟ್ಟುವಾಗ ಅದರ ಉಗುರು ಊರೋದೇ ಈಗ ಗಾಯ ಆಗಿರೋ ಜಾಗದಲ್ಲಿ, ಕೂಡ್ಕೊಂಡ ಎಳೆ ಚರ್ಮ ಮತ್ತೆ ಹರಿದು ಮೊದಲಿಂದ ಶುರು. ಪೂರ್ತಿ ಕಿತ್ತು ಹೋದ ಪುಕ್ಕ ಕೆಲವು ವಾರದಲ್ಲಿ ಬರ್ತದೆ, ಅರ್ಧಕ್ಕೆ ಮುರಿದದ್ದು ಮುಂದಿನ ಸಲ ಪುಕ್ಕ ಉದುರೋ ತನಕ ಹಾಗೇ ಇರ್ತದೆ, ಬೆನ್ನು ಮುಚ್ಚೋ ತನಕ ಹುಂಜದ ಹತ್ರ ಬಿಡ್ಬೇಡಿ.
ಮತ್ತೆ ಆ ಮುಂಗುಸಿ ನಾಳೆನೂ ಅದೇ ಹೊತ್ತಿಗೆ ಬರ್ತದೆ, ರುಚಿ ಕಂಡಿದೆ. ಉರುಳು ಗಿರುಳು ಇಡೋಕೆ ಹೋಗ್ಬೇಡಿ, ಮುಂಗುಸಿ ಹಿಡಿಯೋದು ಕೊಲ್ಲೋದು ಎರಡೂ ಕಾನೂನು ಪ್ರಕಾರ ಅಪರಾಧ. ಒಂದಿಷ್ಟು ದಿನ ಉಳಿದ ಕೋಳಿಗಳನ್ನ ತೋಟಕ್ಕೆ ಬಿಡದೆ ಅಂಗಳದಲ್ಲೇ ಮೇಯಿಸಿ, ಒಡ್ಡಿಗೆ ಅಗಲ ಕಣ್ಣಿನ ಬಲೆ ಇದ್ರೆ ತೆಗೆದು ಅರ್ಧ ಇಂಚಿನ ವೆಲ್ಡ್ ಮೆಷ್ ಹೊಡೀರಿ, ಅಡಿಯಿಂದ ಕೆರೆದು ನುಗ್ಗದ ಹಾಗೆ ಮೆಷ್ಷಿನ ಅಂಚು ಒಂದಡಿಯಾದ್ರೂ ಮಣ್ಣೊಳಗೆ ಹೋಗ್ಲಿ.