ಮರಕುಟಿಗ ಕುಟ್ಟುತ್ತದೋ, ಕುಕ್ಕುತ್ತದೋ, ಬಡಿಯುತ್ತದೋ?

ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಹಿತ್ತಲಿನ ಮೇಪಲ್ ಮರಕ್ಕೆ ಪುಟ್ಟ ತಂತಿಗೂಡು ನೇತುಹಾಕಿ ಅದರೊಳಗೆ ದನದ ನೆಣದ ಅಚ್ಚು ಇಡುತ್ತೇವೆ. ಚಳಿಗಾಲದಲ್ಲಿ ಮರಕುಟಿಗಗಳಿಗೆ ಅದೆಂದರೆ ಪ್ರಾಣ. ಹೋದ ಜನವರಿಯಲ್ಲಿ ಅಮ್ಮ ಊರಿಂದ ಬಂದಿದ್ದರು. ಅಡುಗೆಮನೆ ಕಿಟಕಿಯಿಂದ ತೋರಿಸುತ್ತಾ, "ನೋಡಮ್ಮ, ಹೇಗೆ ಕುಟ್ತಾ ಇದೆ" ಅಂದೆ. "ಅದು ಕುಟ್ಟೋದಲ್ಲ ಕಣೋ, ಕುಕ್ಕೋದು" ಅಂದರು.

ಸರಿಯಾಗಿ ನೋಡಿದರೆ ಅವರ ಮಾತೇ ನಿಜ. ಹಕ್ಕಿ ಬಾಲವನ್ನು ಊರುಗೋಲಿನ ಹಾಗೆ ತಂತಿಗೆ ಒತ್ತಿಕೊಂಡು, ತಲೆಯನ್ನು ಸ್ವಲ್ಪವೇ ಆಡಿಸಿ, ನೆಣವನ್ನು ಚೂರುಚೂರೇ ಕಿತ್ತು ತಿನ್ನುತ್ತಿತ್ತು. ಕೋಳಿ ಕಾಳು ಕುಕ್ಕುವ ಹಾಗೇ.

ಹಾಗಾದರೆ ಹೆಸರಿನಲ್ಲಿ ಕುಟ್ಟುವುದು ಯಾಕೆ ಬಂತು? ನನಗೆ ಹೊಳೆದದ್ದು ಕಲ್ಲುಕುಟಿಗ. ಕಲ್ಲು ಕೆತ್ತುವವನು ಕಲ್ಲುಕುಟಿಗ, ಮರದಲ್ಲಿ ಗೂಡು ಕೊರೆಯುವುದು ಮರಕುಟಿಗ. ಗಾಣಿಗ, ಅಕ್ಕಸಾಲಿಗ ಇದ್ದ ಹಾಗೆ ಇದೂ ಕಸುಬಿನ ಹೆಸರು. ನನಗಂತೂ ಇದು ತುಂಬ ಇಷ್ಟವಾಯಿತು. ಆದರೆ ಮರಕುಟುಕ ಅನ್ನುವವರೂ ಇದ್ದಾರೆ. ಅಲ್ಲಿರುವುದು ಕುಟುಕು, ಚೇಳು ಕುಟುಕುತ್ತದಲ್ಲ, ಅದು. ಎರಡೂ ಬೇರೆ ಬೇರೆಯಾಗಿ ಹುಟ್ಟಿದ ಹೆಸರೋ, ಒಂದೇ ಮಾತು ಬಾಯಿಂದ ಬಾಯಿಗೆ ಹೀಗಾಯಿತೋ? ನಿಮ್ಮ ಕಡೆ ಯಾವುದು ಜಾಸ್ತಿ?

ಇನ್ನೊಂದು ಕೆಲಸಕ್ಕೆ ನನ್ನ ಹತ್ತಿರ ಮಾತೇ ಇಲ್ಲ. ಫೆಬ್ರವರಿ ಕೊನೆಗೆ ಅದೇ ಹಕ್ಕಿ ಸೂರಿನ ಮಳೆನೀರು ಹರಿಯುವ ತಗಡಿನ ದೋಣಿಯ ಮೇಲೆ ಕೂತು ಟರ್ರ್ ಅಂತ ಒಂದೇ ಉಸಿರಿಗೆ ಬಾರಿಸುತ್ತದೆ. ತಗಡಿನಲ್ಲಿ ಹುಳ ಎಲ್ಲಿಂದ ಬರಬೇಕು? ಅದು ತಿನ್ನುವುದಕ್ಕಲ್ಲ. ಈ ಜಾಗ ನನ್ನದು ಅಂತ ಸಾರುವುದು, ಜೋಡಿಯನ್ನು ಕರೆಯುವುದು. ಬೇರೆ ಹಕ್ಕಿಗಳು ಹಾಡಿ ಹೇಳುವುದನ್ನು ಇದು ಸದ್ದು ಮಾಡಿ ಹೇಳುತ್ತದೆ, ಗಂಡೂ ಹೆಣ್ಣೂ. ಇದನ್ನೂ ಸುಮ್ನೆ ಕುಟ್ಟುವುದು ಅಂದುಬಿಟ್ಟರೆ ಸಾಲದು, ಅಲ್ವಾ? 'ಬಡಿತ' ಅಂದರೆ ಎದೆಬಡಿತ ನೆನಪಾಗುತ್ತದೆ. 'ಬಾರಿಸು' ನನಗೆ ಹತ್ತಿರ ಅನ್ನಿಸುತ್ತದೆ. ತಮಟೆಗೂ ಚೆಂಡೆಗೂ ಅದೇ ಮಾತು ತಾನೇ.

ಕೊನೆಯದಾಗಿ ಹೆಸರಿನ ತೊಡಕು. ನಮ್ಮಲ್ಲಿಗೆ ಬರುವ ಎರಡು ಜಾತಿ ಥೇಟ್ ಒಂದೇ ಥರ. ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆ, ಬಿಳಿ ಬೆನ್ನು, ಗಂಡಿಗೆ ತಲೆಯ ಹಿಂದೆ ಕೆಂಪು ಬೊಟ್ಟು. ಇಂಗ್ಲಿಷಿನಲ್ಲಿ ಒಂದು ಡೌನಿ, ಇನ್ನೊಂದು ಹೇರಿ. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಲ್ಯಾಟಿನ್ ಹೆಸರುಗಳೂ ಇದೇ ಅರ್ಥದವು: ಒಂದಕ್ಕೆ ತುಪ್ಪುಳು, ಇನ್ನೊಂದಕ್ಕೆ ಒರಟು ಕೂದಲು. ಕಿಟಕಿಯಲ್ಲಿ ನಿಂತವರಿಗೆ ತುಪ್ಪುಳೂ ಕಾಣದು, ಕೂದಲೂ ಕಾಣದು. ಕಾಣುವುದು ಕೊಕ್ಕು. ಡೌನಿಯದು ತಲೆಯ ಅಗಲದ ಮೂರನೇ ಒಂದು ಪಾಲಿನಷ್ಟು, ಮುಳ್ಳಿನಂತೆ. ಹೇರಿಯದು ಹೆಚ್ಚುಕಮ್ಮಿ ತಲೆಯಷ್ಟೇ ಉದ್ದ, ಉಳಿಯ ಹಾಗೆ. ಡೌನಿಯ ಬಾಲದಂಚಿನ ಬಿಳಿ ಗರಿಯಲ್ಲಿ ಕಪ್ಪು ಚುಕ್ಕೆಗಳೂ ಇರುತ್ತವೆ. ಹೇರಿಯದು ಸಾಮಾನ್ಯವಾಗಿ ಬರೀ ಬಿಳಿ.

ಅದಕ್ಕೇ ಮನೆಯಲ್ಲಿ ನಾವು ಮುಳ್ಳುಕೊಕ್ಕಿನ ಮರಕುಟಿಗ, ಉಳಿಕೊಕ್ಕಿನ ಮರಕುಟಿಗ ಅನ್ನುತ್ತೇವೆ. ತುಪ್ಪುಳನ್ನು ಹಿಡಿದು ಇನ್ನೂ ಒಳ್ಳೆಯ ಹೆಸರು ಹೊಳೆದರೆ ಹೇಳಿ. ಕುಟಿಗ, ಕುಟುಕಗಳ ಬಗ್ಗೆ ಬರೆಯುವವರು ತಮ್ಮ ಊರು ಯಾವ ಕಡೆ ಅನ್ನುವುದನ್ನೂ ದಯವಿಟ್ಟು ತಿಳಿಸಿ.