‘ಕ್ರಾಸ್ ಹೋಗಿದೆ’: ದುರಸ್ತಿಯೋ, ಬದಲಿಯೋ?

ಪದಾಸಕ್ತರಿಗೆ ನಮಸ್ಕಾರ.

ಕಳೆದ ತಿಂಗಳು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಕುಳಿತಿದ್ದಾಗ ಜೀಪಿನ ಡ್ರೈವರ್ ಮಾಲೀಕರಿಗೆ ಫೋನ್ ಮಾಡಿ, “ಸಾರ್, ಕ್ರಾಸ್ ಹೋಗಿದೆ” ಎಂದರು. ಜೀಪು ಕ್ರಾಸ್ ದಾಟಿ ಬರುತ್ತಿದೆ ಎಂದುಕೊಂಡ ಮಾಲೀಕರು ಕಾಫಿಗೆ ಹೇಳಿದರು. ಕಾಫಿ ಆರಿತು, ಜೀಪು ಬರಲಿಲ್ಲ. ಮತ್ತೆ ಫೋನ್ ಮಾಡಿದರೆ, “ಆ ಕ್ರಾಸ್ ಅಲ್ಲ ಸಾರ್, ಶಾಫ್ಟಿನ ಕ್ರಾಸ್!” (ರಸ್ತೆಗಳು ಕೂಡುವ ಜಾಗಕ್ಕಿದ್ದ ಕೈಮರ ಎಂಬ ಚೆಂದದ ಪದವನ್ನು ನಾವು ಕೈಬಿಡದೆ ಇದ್ದಿದ್ದರೆ ಒಂದು ಲೋಟ ಕಾಫಿ ಉಳಿಯುತ್ತಿತ್ತು.)

ತೋಟದ ಡ್ರೈವರುಗಳಿಗಾಗಿ ಫೋರ್‌ವೀಲ್ ಜೀಪಿನ ನಿರ್ವಹಣೆಯ ಕಿರುಪುಸ್ತಿಕೆಯೊಂದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಈ ಕ್ರಾಸಿನ ಅಧ್ಯಾಯವೇ ನನ್ನನ್ನು ಕಾಡುತ್ತಿದೆ.

ವಸ್ತುವನ್ನು ಮೊದಲು ಹೇಳಿಬಿಡುತ್ತೇನೆ. ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಒಯ್ಯುವ ಶಾಫ್ಟುಗಳ ಎರಡೂ ತುದಿಗಳಲ್ಲಿ ಒಂದೊಂದು ಕೀಲು ಇರುತ್ತದೆ. ಎದುರುಬದುರಾದ ಎರಡು ಕವೆಗಳ ನಡುವೆ ಕೂಡುವ ಗುರುತಿನ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತೋಳುಗಳಿಗೂ ಟೊಪ್ಪಿಗೆ ಹಾಕಿದಂತೆ ನಾಲ್ಕು ಕಪ್. ಕಪ್ಪಿನೊಳಗೆ ಸೂಜಿಯಂತಹ ಸಣ್ಣ ಉರುಳೆಗಳು. ಫ್ರೆಂಚರು, ಜರ್ಮನರು ಈ ಕೀಲನ್ನು 16ನೇ ಶತಮಾನದ ಇಟಲಿಯ ಜೆರೊಲಾಮೊ ಕಾರ್ಡಾನೊನ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ರಾಬರ್ಟ್ ಹುಕ್‌ನ ಹೆಸರೂ ಸೇರಿಕೊಂಡಿದೆ. ನಮ್ಮ ಗ್ಯಾರೇಜಿನವರು ಇಬ್ಬರನ್ನೂ ಬಿಟ್ಟು ಆಕಾರವನ್ನು ಹಿಡಿದುಕೊಂಡರು: ಕ್ರಾಸ್. ನನಗೆ ಅದೇ ಸರಿಯೆನಿಸುತ್ತದೆ. ಇಂಗ್ಲಿಷಿನಲ್ಲಿ ‘ಯೋಕ್’ ಎನ್ನುವ ಕವೆಗೆ ಕರಡಿನಲ್ಲಿ ‘ನೊಗ’ ಎಂದು ಬರೆದಿದ್ದರು. ನಿಘಂಟು ನೋಡಿ ಬರೆದವರಿಗೆ ಜೀಪಿನ ಕೆಳಗೆ ಎತ್ತುಗಳು ಕಂಡಿರಬೇಕು, ಅದನ್ನು ಹೊಡೆದುಹಾಕಿದ್ದೇನೆ.

ಮೊದಲ ತಕರಾರು ‘ಸಡಿಲ’ದ ಬಗ್ಗೆ. ಕೀಲು ಸವೆದರೆ ಗೇರು ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಟಣ್’ ಎಂಬ ಸದ್ದು ಬರುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ಗೆ ತಂದು, ಕೀಲಿನ ಪಕ್ಕದಲ್ಲೇ ಶಾಫ್ಟನ್ನು ಹಿಡಿದು ಅತ್ತಿತ್ತ ತಿರುಚಿದರೆ ಒಂದು ಕವೆ ಅಲುಗಿದ ಮೇಲೆ ಇನ್ನೊಂದು ಅಲುಗುವುದು ಕಣ್ಣಿಗೇ ಕಾಣುತ್ತದೆ. ಎರಡೂ ಒಟ್ಟಿಗೇ ಅಲುಗಿದರೆ ಆ ಅಲುಗಾಟ ಅಚ್ಚಿನ ನಡುವಿನ ಗೇರುಗಳ, ಅಂದರೆ ಡಿಫರೆನ್ಷಿಯಲ್ಲಿನದು, ಕ್ರಾಸಿನದಲ್ಲ. ಕರಡಿನಲ್ಲಿ ಇದಕ್ಕೆ ‘ಕೀಲು ಸಡಿಲವಾಗಿದೆ’ ಎಂದಿದೆ. ಕನ್ನಡದಲ್ಲಿ ಸಡಿಲವಾದದ್ದನ್ನು, ಅಳ್ಳಕವಾದದ್ದನ್ನು ಬಿಗಿ ಮಾಡಬಹುದು. ಓದಿದವನು ಸ್ಪ್ಯಾನರ್ ಹಿಡಿದು ಬೋಲ್ಟು ತಿರುಗಿಸಲು ಹೋಗುತ್ತಾನೆ. ಆದರೆ ಸವೆದ ಲೋಹವನ್ನು ಯಾವ ಸ್ಪ್ಯಾನರೂ ಬಿಗಿ ಮಾಡಲಾರದು. ಗ್ಯಾರೇಜಿನಲ್ಲಿ ‘ಪ್ಲೇ ಬಂದಿದೆ’ ಎನ್ನುತ್ತಾರೆ. ‘ಆಟ ಬಂದಿದೆ’ ಎಂದು ಬರೆದರೆ ನಗುತ್ತೀರಾ?

ಎರಡನೆಯದು ಶೀರ್ಷಿಕೆಯ ಪ್ರಶ್ನೆ. ಕರಡು ಹೇಳುವುದು: ‘ದುರಸ್ತಿ ಸಾಧ್ಯವಿದ್ದರೆ ಬದಲಾಯಿಸಬೇಡಿ.’ ಯಾವುದನ್ನು? ಬರೀ ಒಣಗಿ ಕಿರುಗುಟ್ಟುತ್ತಿದ್ದರೆ ನಿಪ್ಪಲ್ಲಿನಿಂದ ಗ್ರೀಸ್ ತುಂಬಿದರೆ ಸಾಕಾಗಬಹುದು. ಆದರೆ ಕಪ್ ತೆಗೆದಾಗ ತೋಳಿನ ಮೇಲೆ ಬಾಚಣಿಗೆ ಒತ್ತಿದಂತೆ ಉರುಳೆಗಳ ಗೀರು ಕಂಡರೆ ಗ್ರೀಸಿನಿಂದ ಪ್ರಯೋಜನವಿಲ್ಲ; ಕಪ್ಪುಗಳ ಸಮೇತ ಕ್ರಾಸ್ ಹೊಸದಾಗಬೇಕು. ಕವೆಯ ತೂತೇ ಅಗಲವಾಗಿ ಕಪ್ ನಿಲ್ಲದಿದ್ದರೆ ಕವೆಯೋ ಶಾಫ್ಟೋ ಹೊಸದಾಗಬೇಕು. ನಡುವಿನ ಕೆಲಸವನ್ನು ಏನೆನ್ನಬೇಕು? ಕ್ರಾಸಿನ ಮಟ್ಟಿಗೆ ಅದು ಬದಲಿ, ಶಾಫ್ಟಿನ ಮಟ್ಟಿಗೆ ರಿಪೇರಿ. ಕೆಲಸ ಒಂದೇ, ಹೆಸರು ಎರಡು. ಜೊತೆಗೆ, ನಮ್ಮ ಕಡೆ ‘ದುರಸ್ತಿ’ ಎಂದೊಡನೆ ಜೀಪಿಗಿಂತ ಮೊದಲು ಜಮೀನು ದಾಖಲೆಯ ಪೋಡಿ ದುರಸ್ತಿ, ಅದರ ಹಿಂದೆ ತಾಲ್ಲೂಕು ಕಚೇರಿ ನೆನಪಾಗುತ್ತವೆ. ಹಾಗಾಗಿ ನನ್ನ ಮತ ‘ರಿಪೇರಿ’ಗೆ.

ಕಿವಿಗೊಟ್ಟು ಕೇಳಿದರೆ ಗ್ಯಾರೇಜಿನವರು ಈ ಎರಡು ನಾಮಪದಗಳನ್ನು ಹೆಚ್ಚು ಬಳಸುವುದೇ ಇಲ್ಲ. ತೀರ್ಪು ಇರುವುದು ಕ್ರಿಯಾಪದದಲ್ಲಿ. ‘ಒಣಗಿದೆ’ ಎಂದರೆ ಗ್ರೀಸ್. ‘ಪ್ಲೇ ಬಂದಿದೆ’ ಎಂದರೆ ಸ್ವಲ್ಪ ದಿನ ಓಡಿಸಬಹುದು, ಹಣ ಹೊಂದಿಸಿಕೊಳ್ಳಿ. ‘ಹೋಗಿದೆ’ ಎಂದರೆ ಚರ್ಚೆ ಮುಗಿಯಿತು, ಹೊಸದು ತನ್ನಿ. ಬಲ್ಬು ಹೋಗುವುದು, ಕರೆಂಟು ಹೋಗುವುದು, ಕ್ರಾಸ್ ಹೋಗುವುದು ಎಲ್ಲವೂ ಇದೇ ‘ಹೋಗು’ ತಾನೇ? ಕರೆಂಟೊಂದು ಮಾತ್ರ ವಾಪಸು ಬರುತ್ತದೆ. ಪುಸ್ತಿಕೆಯಲ್ಲೂ ‘ದುರಸ್ತಿ’, ‘ಬದಲಿ’ ಎಂಬ ತಲೆಬರಹಗಳನ್ನು ಕಿತ್ತು ‘ಒಣಗಿದ್ದರೆ’, ‘ಆಟ ಬಂದಿದ್ದರೆ’, ‘ಹೋಗಿದ್ದರೆ’ ಎಂದು ಹಾಕುವ ಆಸೆ ನನಗೆ. ಅಚ್ಚಿನಲ್ಲಿ ‘ಹೋಗಿದ್ದರೆ’ ತೀರಾ ಆಡುಮಾತಾಯಿತು ಎನ್ನುವವರು ಅಷ್ಟೇ ಖಚಿತವಾದ ಇನ್ನೊಂದು ಪದ ಕೊಡಲಿ.

ಇನ್ನೊಂದು ಸಣ್ಣ ಕಗ್ಗಂಟು. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಇರಬೇಕು. ಈ ಕೀಲು 20 ಡಿಗ್ರಿ ಬಾಗಿ ತಿರುಗಿದರೆ ಪ್ರತಿ ಸುತ್ತಿಗೂ ಎರಡು ಸಲ ಕೀಲಿನಾಚೆಯ ಭಾಗದ ವೇಗ ಸುಮಾರು ಶೇ 6ರಷ್ಟು ಏರಿ ಇಳಿಯುತ್ತದೆ. ಅಷ್ಟೇ ಬಾಗಿದ ಇನ್ನೊಂದು ತುದಿಯ ಕೀಲು ಅದನ್ನು ಸರಿದೂಗಿಸುತ್ತದೆ. ಬಿಚ್ಚುವ ಮುನ್ನ ಗುರುತು ಹಾಕದೆ ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಮೇಲೂ ಜೀಪು ನಡುಗುತ್ತದೆ. ‘ಒಂದೇ ನೇರಕ್ಕೆ’ ಎಂದರೆ ಶಾಫ್ಟು ನೆಟ್ಟಗಿರಬೇಕು ಎಂದು ಓದುವ ಅಪಾಯವಿದೆ. ‘ಒಂದೇ ಮುಖಕ್ಕೆ’ ವಾಸಿಯೇ?

ಕೊನೆಯದಾಗಿ ಹುಬ್ಬಳ್ಳಿ, ಧಾರವಾಡದ ಕಡೆಯವರಿಗೆ: ನಿಮ್ಮಲ್ಲಿ ಕೀಲಿ ಎಂದರೆ ಬೀಗ. ‘ಕೀಲಿನ ಪಕ್ಕ ಶಾಫ್ಟನ್ನು ಹಿಡಿಯಿರಿ’ ಎಂದು ಓದಿದರೆ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ?